ಬೆಟ್ಟು, ಮಜಲು, ಬೈಲು: ಸ್ಥಳೀಯ ಸಮಿತಿಗಳಲ್ಲಿ ಕುಳಿತ ಊರವರಿಗೆ ಬಹಿರಂಗ ಪತ್ರ

ಉಡುಪಿ ನಗರಸಭೆ, ಕಾಪು ಮತ್ತು ಕಾರ್ಕಳ ಪುರಸಭೆಗಳು, ಮಣಿಪಾಲದ ಸುತ್ತಲಿನ ಹಾಗೂ ಕರಾವಳಿಯ ಗ್ರಾಮ ಪಂಚಾಯತ್‌ಗಳು, ಇವುಗಳ ಸಲಹಾ ಸಮಿತಿಗಳ ಸದಸ್ಯರಿಗೆ,

ಪರಿಸರ ನ್ಯಾಯದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಊರಿನ ವಿದ್ಯುತ್ತು, ನೀರು, ಶೌಚ, ಕಸ ವಿಲೇವಾರಿಯ ಅನುಕೂಲ ಯಾರಿಗೆ, ಅದರ ಬೂದಿ, ಕೊಳಕು, ದುರ್ನಾತ ಯಾರ ಪಾಲಿಗೆ ಎಂಬುದು ಮೊದಲನೆಯದು. ಈ ಹಂಚಿಕೆ ತೀರ್ಮಾನವಾಗುವ ಹೊತ್ತಿಗೆ ಪಾಲು ಹೊರುವವರು ಸಭೆಯೊಳಗೆ ಕುಳಿತಿದ್ದರೋ ಅಂಗಳದಲ್ಲಿ ನಿಂತಿದ್ದರೋ ಎಂಬುದು ಎರಡನೆಯದು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವಾರೆನ್ ಕೌಂಟಿಯಲ್ಲಿ 1982ರಲ್ಲಿ ಕಪ್ಪು ಜನರೇ ಹೆಚ್ಚಾಗಿದ್ದ ಊರಿಗೆ ವಿಷಮಣ್ಣಿನ ಲಾರಿಗಳು ಬಂದಾಗ ಜನ ರಸ್ತೆಯಲ್ಲಿ ಅಡ್ಡ ಮಲಗಿದರು. ಪರಿಸರ ನ್ಯಾಯ ಎಂಬ ಮಾತು ಚಾಲ್ತಿಗೆ ಬಂದದ್ದು ಅಲ್ಲಿಂದ. ಆ ದೇಶದ ಪರಿಸರ ಇಲಾಖೆ 1993ರಲ್ಲಿ ಬಾಧಿತ ಸಮುದಾಯಗಳ ಪ್ರತಿನಿಧಿಗಳಿದ್ದ ರಾಷ್ಟ್ರೀಯ ಸಲಹಾ ಮಂಡಳಿ ರಚಿಸಿತು, 1994ರಲ್ಲಿ ಅಧ್ಯಕ್ಷರ ಆದೇಶವೂ ಹೊರಬಿತ್ತು. ಆ ಆದೇಶ 2025ರ ಜನವರಿಯಲ್ಲಿ ರದ್ದಾಯಿತು. ಕೇವಲ ಆದೇಶದಿಂದ ಬಂದ ಕುರ್ಚಿಯನ್ನು ಇನ್ನೊಂದು ಆದೇಶ ಎಳೆದುಹಾಕಬಹುದು. ಉಡುಪಿ ಜಿಲ್ಲೆಯ ಸ್ಥಿತಿ ಇದಕ್ಕಿಂತ ಮೇಲು. ಇಲ್ಲಿ ಊರವರಿಗೆ ಸಿಕ್ಕಿರುವ ಕುರ್ಚಿಗಳು ಕಾಯ್ದೆಯಿಂದ, ಕೆಲವು ಸಂವಿಧಾನದಿಂದಲೇ ಬಂದಿವೆ. ತೊಂದರೆ ಬೇರೆ: ಒಂದೊಂದು ಕುರ್ಚಿ ಒಂದೊಂದು ಕಚೇರಿಯಲ್ಲಿದೆ, ಪ್ರತಿಯೊಂದೂ ತನ್ನ ಗಡಿಯೊಳಗಿನ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಮಾಲಿನ್ಯ ಮಾತ್ರ ಗಡಿ ನೋಡಿ ಹರಿಯುವುದಿಲ್ಲ.

ಕರಾವಳಿಯ ನೆಲವನ್ನು ಹಿಂದಿನವರು ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸಿದ್ದು ನೀರಿನ ಲೆಕ್ಕದಲ್ಲಿ. ಮೇಲಿನ ಬೆಟ್ಟುಗದ್ದೆಗೆ ಮಳೆಯೇ ಗತಿ. ನಡುವಿನ ಮಜಲಿಗೆ ಮೇಲಿನಿಂದ ಇಳಿದ ನೀರು. ತಗ್ಗಿನ ಬೈಲಿಗೆ ಎರಡರದ್ದೂ. ಮಣಿಪಾಲ ಇರುವುದು ಮುರಕಲ್ಲಿನ ಎತ್ತರದ ಮೇಲೆ. ಮುರಕಲ್ಲು ತೂತು ತೂತಾದ ಕಲ್ಲು, ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿದರೂ ನೀರನ್ನು ಬಹುಕಾಲ ಹಿಡಿದಿಡುವುದಿಲ್ಲ. ಸುರಿದದ್ದು ಬೇಗ ಕೆಳಗಿನ ಬಾವಿಗೂ ತೋಡಿಗೂ ಇಳಿಯುತ್ತದೆ, ಜತೆಗೆ ಮೇಲೆ ಚೆಲ್ಲಿದ್ದೂ ಇಳಿಯುತ್ತದೆ. ಜಿಲ್ಲೆಯ ಪರಿಸರ ತಕರಾರುಗಳಲ್ಲಿ ಬಹುಪಾಲು ಈ ಇಳಿಜಾರಿನ ಉದ್ದಕ್ಕೇ ಸಿಗುತ್ತವೆ.

ಅವುಗಳಲ್ಲಿ ದೀರ್ಘವಾದದ್ದು ನಂದಿಕೂರಿನದು. ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ 1990ರ ದಶಕದಲ್ಲಿ ಹಾಂಕಾಂಗ್‌ನ ಪಾಲುದಾರ ಕಂಪನಿಯೊಂದಿಗೆ ಇಲ್ಲಿ 1,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟಲು ಹೊರಟಿತು. ಜನರ ವಿರೋಧ, ನ್ಯಾಯಾಲಯದ ಮೊಕದ್ದಮೆ, ಅನುಮತಿಗಳ ವಿಳಂಬ ಎಲ್ಲ ಸೇರಿ 1999ರ ಡಿಸೆಂಬರ್‌ನಲ್ಲಿ ಅದು ಹಿಂದೆ ಸರಿಯಿತು. ಊರು ಗೆದ್ದಿತು ಎಂಬ ಮಾತು ಆಗ ಕೇಳಿಬಂತು. ಯೋಜನೆ ಮಾತ್ರ ಸಾಯಲಿಲ್ಲ, ಹೆಸರು ಬದಲಿಸಿತು: ನಾಗಾರ್ಜುನ, ಆಮೇಲೆ ಲ್ಯಾಂಕೋ, 2015ರಿಂದ ಅದಾನಿ. ನಂದಿಕೂರಿನ ಪಕ್ಕದ, ಈಗಿನ ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ ಉಡುಪಿ ಪವರ್ ಕಾರ್ಪೊರೇಷನ್ ಹೆಸರಿನಡಿ 600 ಮೆಗಾವಾಟ್‌ನ ಎರಡು ಘಟಕಗಳು 2010 ಮತ್ತು 2012ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಕಲ್ಲಿದ್ದಲು ಹೊರದೇಶದಿಂದ ನವಮಂಗಳೂರು ಬಂದರಿಗೆ ಬಂದು, ರೈಲಿನಲ್ಲಿ ಸ್ಥಾವರ ತಲುಪುತ್ತದೆ. ತಂಪು ಮಾಡಲು ಬಳಸುವುದು ಸಮುದ್ರದ ನೀರು. ಹೀಗಾಗಿ ಸುತ್ತಲ ಊರಿನ ದೂರುಗಳು ಎರಡು ಬಗೆಯವು. ಹಾರುಬೂದಿ ಮತ್ತು ಕಲ್ಲಿದ್ದಲಿನ ದೂಳು ಎಲೆ, ಹೂವು, ಛಾವಣಿಯ ಮೇಲೆ ಕೂರುತ್ತದೆ ಎಂಬುದು ಒಂದು. ತಂಪುಗೋಪುರದಿಂದ ಹಾರುವ ಉಪ್ಪಿನ ತುಂತುರು ಹಾಗೂ ಸೋರುವ ಉಪ್ಪುನೀರು ಗದ್ದೆಗೂ ಬಾವಿಗೂ ಸೇರುತ್ತದೆ ಎಂಬುದು ಇನ್ನೊಂದು. ಮಲ್ಲಿಗೆ ಬೆಳೆವ ಶಂಕರಪುರವೂ ಮಟ್ಟುಗುಳ್ಳದ ಮಟ್ಟು ಗ್ರಾಮವೂ ಇದೇ ತಾಲ್ಲೂಕಿನಲ್ಲಿವೆ. ಉಡುಪಿ ಮಲ್ಲಿಗೆ, ಮಟ್ಟುಗುಳ್ಳ ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮೊಗ್ಗಿನ ಬಣ್ಣ ಕೆಟ್ಟರೆ ಅಂದಿನ ದರವೇ ಕುಸಿಯುವ ಬೆಳೆಯ ಪಕ್ಕದಲ್ಲಿ ದೂಳಿನ ಮಾತು ಬರೀ ಆರೋಗ್ಯದ ಮಾತಾಗಿ ಉಳಿಯುವುದಿಲ್ಲ.

ನಂದಿಕೂರು ಜನಜಾಗೃತಿ ಸಮಿತಿ ಈ ದೂರುಗಳನ್ನು ಬೀದಿಯಿಂದ ಕಡತಕ್ಕೆ ಒಯ್ದಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚ್‌ನಲ್ಲಿ ಕಂಪನಿಗೆ 5 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕಟ್ಟಲು ಹೇಳಿ, ಹಾನಿ ಅಂದಾಜಿಸಲು ತಜ್ಞರ ಸಮಿತಿ ನೇಮಿಸಿತು. ಚೆನ್ನೈನ ದಕ್ಷಿಣ ಪೀಠ 2022ರ ಮೇ ತಿಂಗಳಲ್ಲಿ ಪರಿಸರ ಪರಿಹಾರದ ಮೊತ್ತವನ್ನು 52 ಕೋಟಿ ರೂಪಾಯಿ ದಾಟಿಸಿತು. ಸಮಿತಿ ಸದಸ್ಯರು ಇಲ್ಲಿ ಗಮನಿಸಬೇಕಾದದ್ದು ಮೊತ್ತಕ್ಕಿಂತ ಹೆಚ್ಚಾಗಿ ಕಾಲವನ್ನು. ಮೊದಲ ಘಟಕ ಓಡತೊಡಗಿದ ಮೇಲೆ ಹನ್ನೊಂದು ವರ್ಷ ದಾಟಿ ಬಂದ ಆದೇಶ ಅದು. ಸ್ಥಾವರ ಬರುವ ಮೊದಲಿನ ಬಾವಿನೀರು ಹೇಗಿತ್ತು, ಯಾವ ಗದ್ದೆಯಲ್ಲಿ ಎಷ್ಟು ಬೆಳೆಯುತ್ತಿತ್ತು ಎಂಬ ದಾಖಲೆ ಪಂಚಾಯತ್‌ಗಳ ಕಪಾಟಿನಲ್ಲಿದ್ದರೆ ಇಂಥ ಅಂದಾಜಿನ ಕೆಲಸ ಹಗುರಾಗುತ್ತದೆ. ಇಲ್ಲವಾದರೆ ‘ನಮ್ಮ ಅಜ್ಜನ ಕಾಲದಲ್ಲಿ ನೀರು ಸಿಹಿ ಇತ್ತು’ ಎಂಬ ನಿಜವಾದ ಮಾತೂ ನ್ಯಾಯಮಂಡಳಿಯ ಮುಂದೆ ಸಾಕ್ಷಿಯಾಗಿ ನಿಲ್ಲುವುದು ಕಷ್ಟ.

ನಗರದ ಕಡೆಯ ತಕರಾರು ಇಷ್ಟು ದೊಡ್ಡ ಹೆಸರು ಮಾಡಿಲ್ಲ, ಕಾರಣ ಅಲ್ಲಿ ಎದುರಿಗೆ ಕಂಪನಿ ಇಲ್ಲ. ಎದುರಿಗಿರುವುದು ನಗರವೇ. ಇಂದ್ರಾಳಿಯ ಕಡೆಯಿಂದ ಇಳಿಯುವ ಇಂದ್ರಾಣಿ ಹೊಳೆ ಉಡುಪಿ ಪೇಟೆಯ ಬದಿಯಲ್ಲಿ ಹರಿದು ಕೊಡವೂರು, ಕಲ್ಮಾಡಿಯ ತಗ್ಗಿಗೆ ಹೋಗುತ್ತದೆ. ನಿಟ್ಟೂರಿನಲ್ಲಿ ಒಳಚರಂಡಿ ಶುದ್ಧೀಕರಣ ಘಟಕ ಇದ್ದರೂ ಕೊಳಚೆ ಹೊಳೆಗೆ ಸೇರುತ್ತಿದೆ, ದಡದ ಬಾವಿಗಳು ಕೆಟ್ಟಿವೆ ಎಂಬ ದೂರು ಹಳೆಯದು. ಕಸದ ದಾರಿಯೂ ಅಂಥದ್ದೇ: ಉಡುಪಿ ನಗರಸಭೆಯ ಕಸ ಹೋಗುವುದು ಅಲೆವೂರಿನ ಕರ್ವಾಲಿಗೆ. ಕಸ ಹುಟ್ಟುವುದು ನಗರಸಭೆಯ ವಾರ್ಡುಗಳಲ್ಲಿ, ವಾಸನೆ ಹರಡುವುದು ಗ್ರಾಮ ಪಂಚಾಯತ್‌ನಲ್ಲಿ. ಅಲೆವೂರಿನವರು ನಗರಸಭೆಗೆ ಮತ ಹಾಕುವವರಲ್ಲ, ಆದ್ದರಿಂದ ಅಲ್ಲಿನ ಸದಸ್ಯರಿಗೆ ಅವರ ಸಿಟ್ಟಿನ ಬಿಸಿ ತಾಗುವುದಿಲ್ಲ. ಮಣಿಪಾಲದ ವಸತಿ ಸಮುಚ್ಚಯಗಳು ಅರ್ಧ ನಗರಸಭೆಯಲ್ಲಿ, ಉಳಿದದ್ದು 80 ಬಡಗಬೆಟ್ಟಿನಂಥ ಪಂಚಾಯತ್‌ಗಳಲ್ಲಿ ಹಂಚಿಹೋಗಿವೆ. ಒಂದೇ ರಸ್ತೆಯ ಎರಡು ಬದಿಗೆ ಎರಡು ಕಚೇರಿ. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಕಾರ್ಕಳ ತಾಲ್ಲೂಕಿನ ನಿಟ್ಟೆ. ಅಲ್ಲಿನ ಒಣಕಸ ವಿಂಗಡಣಾ ಘಟಕಕ್ಕೆ ಹಲವು ಗ್ರಾಮ ಪಂಚಾಯತ್‌ಗಳ ಕಸ ಬರುತ್ತದೆ. ಆದರೆ ಅಲ್ಲಿಗೆ ಬರುವುದು ಬೇರ್ಪಡಿಸಿದ ಒಣಕಸ. ಹೊರಗಿನ ಕಸ ತೆಗೆದುಕೊಳ್ಳುವ ಊರಿಗೆ ಬೇರ್ಪಡಿಸಿದ ಕಸವೇ ಬರಬೇಕು ಎಂಬ ಷರತ್ತು ಎಷ್ಟು ಮುಖ್ಯ ಎಂಬುದು ಕರ್ವಾಲು ಮತ್ತು ನಿಟ್ಟೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ನೀರು ಬರುವ ದಿಕ್ಕು ಇದರ ತಿರುವುಮುರುವು. ಘಟ್ಟದಿಂದ ಇಳಿದು ಕಾರ್ಕಳ ಸೀಮೆ ದಾಟುವ ಸ್ವರ್ಣಾ ನದಿಗೆ ಹಿರಿಯಡಕ ಬಳಿಯ ಬಜೆಯಲ್ಲಿ ಅಣೆಕಟ್ಟು ಇದೆ. ಉಡುಪಿ, ಮಣಿಪಾಲ ಕುಡಿಯುವುದು ಅಲ್ಲಿನ ನೀರು. 2019ರ ಮತ್ತು 2023ರ ಬೇಸಿಗೆಯಲ್ಲಿ ಬಜೆ ತಳ ಕಂಡಾಗ ನಗರಕ್ಕೆ ಸರದಿ ಮೇಲೆ ನೀರು ಬಿಡಬೇಕಾಯಿತು. ಅಂಥ ತಿಂಗಳಲ್ಲಿ ನದಿಯ ಮೇಲ್ಭಾಗದ ತೋಟದ ಪಂಪು ನಿಲ್ಲಬೇಕೋ ಪೇಟೆಯ ಹೋಟೆಲು, ಹಾಸ್ಟೆಲಿನ ನಲ್ಲಿ ನಿಲ್ಲಬೇಕೋ ಎಂಬುದು ಪರಿಸರ ನ್ಯಾಯದ ಪ್ರಶ್ನೆಯೇ, ಅದನ್ನು ಯಾರೂ ಆ ಹೆಸರಿನಿಂದ ಕರೆಯದಿದ್ದರೂ.

ಊರವರ ಮಾತಿಗೆ ಕಾನೂನು ಇಟ್ಟಿರುವ ಜಾಗಗಳಲ್ಲಿ ಮೊದಲನೆಯದು ಗ್ರಾಮಸಭೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಗ್ರಾಮಸಭೆಗೆ ಕೋರಂ ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಇವೆರಡರಲ್ಲಿ ಕಡಿಮೆಯಾದದ್ದು. ಅದರ ಕೆಳಗೆ ವಾರ್ಡ್ ಸಭೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಂ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕೆನ್ನುತ್ತದೆ. 2024ರವರೆಗೆ ಜಾರಿಯಲ್ಲಿದ್ದ 2004ರ ನಿಯಮಗಳ ಪ್ರಕಾರ ಅದರಲ್ಲಿ ಅಧ್ಯಕ್ಷರ ಜತೆ ಆರು ಮಂದಿಯವರೆಗೆ ಸದಸ್ಯರು, ಅವರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು, ಶೇ 18ಕ್ಕೆ ಕಡಿಮೆಯಿಲ್ಲದಂತೆ ಪರಿಶಿಷ್ಟ ಜಾತಿ, ಪಂಗಡದವರು ಇರಬೇಕಿತ್ತು. ಊರಿನ ಸಸ್ಯ, ಪ್ರಾಣಿ, ತಳಿ, ಮದ್ದಿನ ತಿಳಿವಳಿಕೆ ಸೇರಿದ ಜನತಾ ಜೀವವೈವಿಧ್ಯ ದಾಖಲಾತಿ ಈ ಸಮಿತಿಯ ಕೆಲಸ. ಗಡುವಿಗೆ ಹೆದರಿ ಆತುರದಲ್ಲಿ ಹೊರಗಿನವರಿಂದ ಬರೆಸಿದ ದಾಖಲಾತಿಯಲ್ಲಿ ಯಾವ ಊರಿಗೂ ಸಲ್ಲುವ ಗಿಡಗಳ ಪಟ್ಟಿ ಇರುತ್ತದೆ. ಊರವರೇ ಕೂತು ಬರೆದದ್ದಾದರೆ ಯಾವ ಮದಗದಲ್ಲಿ ಯಾವ ಮೀನು, ಯಾವ ನಾಗಬನದಲ್ಲಿ ಯಾವ ಮರ ಎಂಬುದು ಸರ್ವೆ ನಂಬರು ಸಮೇತ ಸಿಗುತ್ತದೆ. ಮುಂದೊಂದು ದಿನ ಯೋಜನೆಯೊಂದರ ವರದಿ ‘ಇಲ್ಲಿ ಗಮನಾರ್ಹವಾದದ್ದೇನೂ ಇಲ್ಲ’ ಎಂದಾಗ ಎದುರಿಗೆ ಇಡಲು ಬರುವುದು ಇಂಥ ದಾಖಲಾತಿ ಮಾತ್ರ.

ಕರಾವಳಿ ನಿಯಂತ್ರಣ ವಲಯದ 2011 ಮತ್ತು 2019ರ ಅಧಿಸೂಚನೆಗಳು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳಿರಬೇಕೆಂದು ಹೇಳುತ್ತವೆ. ಕಾಪು, ಎರ್ಮಾಳು, ಪಡುಬಿದ್ರಿಯ ಮೊಗವೀರ ಪಟ್ಣಗಳಿಗೆ ಇದು ನೇರ ದಾರಿ. ಜಲಜೀವನ ಮಿಷನ್ ಅಡಿ ಪ್ರತಿ ಗ್ರಾಮದಲ್ಲಿ ಐವರಿಗೆ, ಆದಷ್ಟೂ ಮಹಿಳೆಯರಿಗೆ, ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಈ ಐವರ ಹೆಸರು ಪರಿಸರ ಸಮಿತಿಗಳ ಚರ್ಚೆಯಲ್ಲಿ ಬರುವುದೇ ಇಲ್ಲ. ಜಿಲ್ಲೆಯಲ್ಲಿ ಅತ್ಯಂತ ಉಪಯುಕ್ತ ಸಲಹೆಗಾರರು ಬಹುಶಃ ಅವರೇ.

ನಗರದಲ್ಲಿ ಜಾಗ ಕಡಿಮೆ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಉಡುಪಿ ಆ ಗೆರೆಯ ಬಹಳ ಕೆಳಗಿದೆ, ಕಾಪು, ಕಾರ್ಕಳ ಇನ್ನೂ ಕೆಳಗೆ. ಪರಿಣಾಮ ವಿಚಿತ್ರವಾದದ್ದು: ಅಲೆವೂರಿನ ಕೃಷಿಕನಿಗೆ ಗ್ರಾಮಸಭೆಯಲ್ಲಿ ಎದ್ದು ಕೇಳುವ ಹಕ್ಕಿದೆ, ಮಣಿಪಾಲದ ಪ್ರಾಧ್ಯಾಪಕರಿಗೆ ತಮ್ಮ ವಾರ್ಡಿನಲ್ಲಿ ಸಂವಿಧಾನ ಅಂಥದ್ದೊಂದು ವೇದಿಕೆಯ ಭರವಸೆ ಕೊಟ್ಟಿಲ್ಲ. ನಗರ ಮತ್ತು ಹಳ್ಳಿಯನ್ನು ಒಟ್ಟಿಗೆ ನೋಡಬೇಕಾದದ್ದು 243ಝಡ್‌ಡಿ ವಿಧಿಯ ಜಿಲ್ಲಾ ಯೋಜನಾ ಸಮಿತಿ. ನೀರು ಮತ್ತಿತರ ನೈಸರ್ಗಿಕ ಸಂಪತ್ತಿನ ಹಂಚಿಕೆ, ಪರಿಸರ ಸಂರಕ್ಷಣೆ ಎರಡನ್ನೂ ಅದು ಗಮನಿಸಬೇಕೆಂದು ಸಂವಿಧಾನವೇ ಬರೆದಿದೆ. ಅದರ ಐದನೇ ನಾಲ್ಕು ಭಾಗ ಸದಸ್ಯರು ಪಂಚಾಯತ್ ಮತ್ತು ನಗರಸಭೆಗಳ ಚುನಾಯಿತರ ನಡುವಿನಿಂದ ಬರಬೇಕು. ಕರ್ವಾಲಿನ ಕಸ, ಇಂದ್ರಾಣಿಯ ಕೊಳಚೆ, ಬಜೆಯ ನೀರು ಚರ್ಚೆಯಾಗಬೇಕಾದ ಮೇಜು ಅದು. ಗ್ರಾಮಸಭೆಯ ನಿರ್ಣಯವೊಂದು ಪಕ್ಕದ ನಗರಸಭೆಗೆ ಸಂಬಂಧಿಸಿದ್ದಾದರೆ ಅದರ ಪ್ರತಿಯನ್ನು ಈ ಸಮಿತಿಗೂ ಕಳಿಸುವುದು ಖರ್ಚಿಲ್ಲದ ಕೆಲಸ.

ದೊಡ್ಡ ಯೋಜನೆಗಳಿಗೆ ಇರುವ ಬಾಗಿಲು ಪರಿಸರ ಸಾರ್ವಜನಿಕ ಆಲಿಕೆ. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಸಭೆಯ ವಿಡಿಯೊ ಚಿತ್ರೀಕರಣ ನಡೆಯಬೇಕು. ಕೋರಂ ಬೇಕಿಲ್ಲ. ಹಾಗಾಗಿ ಬಹಿಷ್ಕಾರ ಹಾಕಿ ಎದ್ದುಹೋದರೂ ಕಾನೂನಿನ ಕಣ್ಣಿಗೆ ಸಭೆ ನಡೆದಂತೆಯೇ. ಬಹಿಷ್ಕಾರ ಕೆಲವೊಮ್ಮೆ ರಾಜಕೀಯವಾಗಿ ಬೇಕಾದೀತು, ಆದರೆ ಬರೆದ ಆಕ್ಷೇಪವನ್ನು ಮೇಜಿನ ಮೇಲಿಟ್ಟು ಸ್ವೀಕೃತಿ ಪಡೆದು ಎದ್ದುಹೋಗುವುದು ಜಾಣತನ. ಸಭೆಯ ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಬೇಕು, ಎತ್ತಿದ ಪ್ರಶ್ನೆ ಮತ್ತು ಅರ್ಜಿದಾರರು ಕೊಟ್ಟ ಉತ್ತರಗಳ ಪಟ್ಟಿ ಅದಕ್ಕೆ ಲಗತ್ತಾಗಬೇಕು, ಪಂಚಾಯತ್ ಕಚೇರಿಯಲ್ಲಿ ಅದನ್ನು ಪ್ರದರ್ಶಿಸಬೇಕು. ಮೈಕಿನಲ್ಲಿ ಹೇಳಿದ ಹತ್ತು ನಿಮಿಷದ ಮಾತು ಈ ಪಟ್ಟಿಯಲ್ಲಿ ಅರ್ಧ ಸಾಲಾಗುತ್ತದೆ. ‘ಪರಿಸರಕ್ಕೆ ಹಾನಿ’ ಎಂದರೆ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಸಿಗುತ್ತದೆ. ಇಂತಿಷ್ಟು ಬಾವಿಗಳ ಕ್ಲೋರೈಡ್ ಪ್ರಮಾಣ ಏರಿದರೆ ಯಾರು, ಎಷ್ಟು ದಿನದೊಳಗೆ ಬದಲಿ ನೀರು ಕೊಡುತ್ತಾರೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭದಲ್ಲಿ ಜಾರುವುದಿಲ್ಲ.

ಈ ಬಾಗಿಲು ಎಲ್ಲ ಯೋಜನೆಗೂ ತೆರೆಯುವುದಿಲ್ಲ ಎಂಬುದನ್ನು ಕಾರ್ಕಳ ತಾಲ್ಲೂಕಿನ ಇನ್ನಾ ಗ್ರಾಮದವರು ಕಂಡುಕೊಂಡರು. ಎಲ್ಲೂರಿನ ಕಡೆಯಿಂದ ಕಾಸರಗೋಡಿನ ಕರಿಂದಳಕ್ಕೆ ಹೋಗುವ 400 ಕಿಲೋವೋಲ್ಟ್ ವಿದ್ಯುತ್ ಮಾರ್ಗ ಅವರ ತೋಟಗಳ ಮೇಲೆ ಹಾದಿದೆ. ವಿದ್ಯುತ್ ಮಾರ್ಗಗಳು 2006ರ ಅಧಿಸೂಚನೆಯ ಪಟ್ಟಿಯಲ್ಲಿಲ್ಲ, ಆದ್ದರಿಂದ ಆಲಿಕೆಯೂ ಇಲ್ಲ. ಇರುವುದು 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ. ಅದು 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಮಾರ್ಗ ಕಟ್ಟುವವರ ಕೈಗೆ ಕೊಡುತ್ತದೆ. ಕಂಬ ನೆಡಲು ಬ್ರಿಟಿಷರು ಮಾಡಿದ ಕಾಯ್ದೆಯ ಬಲದಲ್ಲಿ ಇಂದು ಗೋಪುರ ಏಳುತ್ತವೆ. ತಂತಿಯ ಕೆಳಗಿನ ಸುಮಾರು 46 ಮೀಟರ್ ಅಗಲದ ಪಟ್ಟಿಯಲ್ಲಿ ತೆಂಗು, ಅಡಿಕೆ ಉಳಿಯುವಂತಿಲ್ಲ, ನೆಲದ ಒಡೆತನ ಮಾತ್ರ ರೈತನದ್ದೇ. ಕೇಂದ್ರ ಇಂಧನ ಸಚಿವಾಲಯದ 2015ರ ಮಾರ್ಗಸೂಚಿ ಗೋಪುರದ ಅಡಿಯ ಜಾಗಕ್ಕೆ ನೆಲದ ಬೆಲೆಯ ಶೇ 85, ತಂತಿ ಹಾಯುವ ಪಟ್ಟಿಗೆ ಗರಿಷ್ಠ ಶೇ 15 ಎಂದಿತ್ತು. 2024ರ ಜೂನ್‌ನಲ್ಲಿ ಇವು ಕ್ರಮವಾಗಿ ಶೇ 200 ಮತ್ತು ಶೇ 30ಕ್ಕೆ ಏರಿದವು. ಆಲಿಕೆ ಇಲ್ಲದ ಕಡೆ ಗ್ರಾಮಸಭೆಯ ನಿರ್ಣಯವೇ ಊರಿನ ಏಕೈಕ ಅಧಿಕೃತ ಮಾತು. ಅದು ಮಾರ್ಗವನ್ನು ತಡೆಯಲಾರದು. ಬದಲಿ ಮಾರ್ಗದ ನಕ್ಷೆ, ಕಡಿಯಬೇಕಾದ ಮರಗಳ ಎಣಿಕೆ, ಬೇಕಾದ ದರ ಇವನ್ನು ಲಗತ್ತಿಸಿದ ನಿರ್ಣಯವನ್ನು ಜಿಲ್ಲಾಧಿಕಾರಿ ಓದದೆ ಬದಿಗಿಡುವುದೂ ಕಷ್ಟ.

ಸಮಿತಿಗಳಲ್ಲಿ ಯಾರು ಕುಳಿತಿಲ್ಲ ಎಂಬ ಪ್ರಶ್ನೆ ಜಿಲ್ಲೆಗೆ ಅಷ್ಟು ಸುಖದ್ದಲ್ಲ. ಕರಾವಳಿಯ ಪೇಟೆಗಳ ಕೊಳಕು ಎತ್ತಿದವರಲ್ಲಿ ಕೊರಗರು ಬಹುಕಾಲದಿಂದ ಇದ್ದಾರೆ. ಅವರನ್ನು ಅವಮಾನಕ್ಕೆ ಒಡ್ಡುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ರಾಜ್ಯ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಬುಟ್ಟಿ ಹೆಣೆಯುವ ಬೀಳಲು, ಬಿದಿರಿಗೆ ಕಾಡಿನ ಮೇಲೆ, ಸಂಬಳಕ್ಕೆ ಪೇಟೆಯ ಕಸದ ಮೇಲೆ ಅವಲಂಬಿಸಿದ ಸಮುದಾಯಕ್ಕೆ ಕಸದ ಘಟಕ ಎಲ್ಲಿರಬೇಕು, ಹೇಗೆ ನಡೆಯಬೇಕು ಎಂಬ ಬಗ್ಗೆ ಅಭಿಪ್ರಾಯ ಇದ್ದೇ ಇರುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಮಲೆಕುಡಿಯರ ಮಟ್ಟಿಗೆ ಪರಿಸರ ಎಂಬ ಮಾತೇ ಒಕ್ಕಲೆಬ್ಬಿಸುವ ನೆಪವಾಗಿಯೂ ಬಂದದ್ದುಂಟು. ಕಟ್ಟಡ ಕೆಲಸಕ್ಕೆ, ಮಲ್ಪೆಯ ದೋಣಿಗಳಿಗೆ ಉತ್ತರ ಕರ್ನಾಟಕದಿಂದ, ಹೊರರಾಜ್ಯದಿಂದ ಬಂದವರು ಬಹಳಷ್ಟು ಮಂದಿ ಇಲ್ಲಿನ ಮತದಾರರೇ ಅಲ್ಲ. ತಗ್ಗಿನ ಬಿಡಾರಗಳಲ್ಲಿ ಅದೇ ಕೆಟ್ಟ ಬಾವಿಯ ನೀರು ಕುಡಿಯುವವರು ಅವರು. ಆಲಿಕೆಯಲ್ಲಿ ಲಿಖಿತವಾಗಿ ಹೇಳಿಕೊಳ್ಳಲು ಮತದಾರರ ಪಟ್ಟಿಯಲ್ಲಿ ಹೆಸರು ಬೇಕಿಲ್ಲ ಎಂಬುದು ಸಮಿತಿಗಳಿಗೆ ತಿಳಿದಿರಲಿ.

ಸಲಹೆ ಉಪಯೋಗಕ್ಕೆ ಬರಬೇಕಾದರೆ ಅಳತೆ ಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1,000ದವರೆಗೆ ಸಹಿಸಬಹುದು. ಕರಗಿದ ಒಟ್ಟು ಘನವಸ್ತುಗಳಿಗೆ ಈ ಎರಡು ಮಿತಿ 500 ಮತ್ತು 2,000. 100 ಮಿ.ಲೀ. ನೀರಿನಲ್ಲಿ ಇ-ಕೋಲಿ ಕಾಣಲೇಬಾರದು. ಗಾಳಿಯಲ್ಲಿನ ಪಿಎಂ10 ಕಣ 24 ಗಂಟೆಯ ಸರಾಸರಿಯಲ್ಲಿ ಘನಮೀಟರಿಗೆ 100 ಮೈಕ್ರೋಗ್ರಾಂ, ಪಿಎಂ2.5 ಕಣ 60 ಮೀರಬಾರದು ಎಂದು 2009ರ ರಾಷ್ಟ್ರೀಯ ಮಾನದಂಡ ಹೇಳುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಭೂಭರ್ತಿ ತಾಣ ನದಿಯಿಂದ 100 ಮೀಟರ್, ಕೆರೆ, ಮನೆ, ಹೆದ್ದಾರಿ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರವಿರಬೇಕೆಂದು ಹೇಳಿದ್ದವು. ಒಂದೇ ಬಾವಿಯ ನೀರನ್ನು ಮಳೆಗಾಲದ ಕೊನೆಗೊಮ್ಮೆ, ಮೇ ತಿಂಗಳಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು. ಒಂದೇ ಸಲದ ಪರೀಕ್ಷೆ ಮುರಕಲ್ಲಿನ ನಾಡಿನಲ್ಲಿ ಏನನ್ನೂ ಹೇಳುವುದಿಲ್ಲ. ಜುಲೈಯಲ್ಲಿ ಎಲ್ಲ ಬಾವಿಯೂ ತಿಳಿಯೇ. ಫಲಿತಾಂಶವನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿದರೆ ಅದು ಸರ್ಕಾರಿ ದಾಖಲೆಯಾಗುತ್ತದೆ.

ಸಲಹೆಯನ್ನು ಸ್ವೀಕರಿಸಲೇಬೇಕೆಂದು ಸ್ಥಳೀಯ ಸಂಸ್ಥೆಯನ್ನು ಕಟ್ಟಿಹಾಕುವ ಕಲಂ ಈ ಕಾಯ್ದೆಗಳಲ್ಲಿ ಬಹುಪಾಲು ಇಲ್ಲ. ತಿರಸ್ಕರಿಸಿದ್ದು ಏಕೆ ಎಂಬ ಕಡತವನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು, 30 ದಿನದಲ್ಲಿ ಉತ್ತರ ಬರಬೇಕು. ಅದರಾಚೆಗೆ ಉಳಿಯುವುದು 2010ರ ಹಸಿರು ನ್ಯಾಯಮಂಡಳಿ ಕಾಯ್ದೆ, ಅಲ್ಲಿ ಗಡುವುಗಳು ಬಿಗಿ. ಪರಿಸರ ಅನುಮತಿಯ ವಿರುದ್ಧ 16ನೇ ಕಲಂ ಪ್ರಕಾರದ ಮೇಲ್ಮನವಿಗೆ 30 ದಿನ, ಸಕಾರಣ ತೋರಿಸಿದರೆ ಮತ್ತೆ 60 ದಿನ. 14ನೇ ಕಲಂನ ದಾವೆಗೆ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು, ಜತೆಗೆ ಅದೇ 60 ದಿನ. ಹಾನಿಗೆ ಪರಿಹಾರ, ಕೆಟ್ಟ ಜಾಗದ ಪುನಶ್ಚೇತನ ಕೇಳುವ 15ನೇ ಕಲಂಗೆ ಮಾತ್ರ ಐದು ವರ್ಷ. ಅನುಮತಿ ಪತ್ರ ಪಂಚಾಯತ್‌ಗೆ ತಲುಪಿ, ಮುಂದಿನ ಗ್ರಾಮಸಭೆ ಸೇರುವಷ್ಟರಲ್ಲಿ ಮೊದಲ 30 ದಿನ ಕಳೆದುಹೋಗುವ ಸಂಭವ ಹೆಚ್ಚು. ಅನುಮತಿ ಪಡೆದ ಕಂಪನಿ ಅದನ್ನು ಸ್ಥಳೀಯ ಪತ್ರಿಕೆಗಳಲ್ಲಿ ಜಾಹೀರಾತಾಗಿ ಪ್ರಕಟಿಸಬೇಕು, ಅದರಲ್ಲಿ ಒಂದು ಪತ್ರಿಕೆ ಪ್ರಾದೇಶಿಕ ಭಾಷೆಯದ್ದಾಗಿರಬೇಕು; ಆ ಜಾಹೀರಾತನ್ನು ಕತ್ತರಿಸಿ ದಿನಾಂಕ ಬರೆದಿಡುವ ಕೆಲಸವನ್ನು ಸಮಿತಿಯ ಒಬ್ಬ ಸದಸ್ಯರಿಗೆ ಹೆಸರು ಹಿಡಿದು ವಹಿಸಬೇಕಾಗುತ್ತದೆ.